ಹಗೇವಿನ ಕರೆಪ್ಪ ಸರಕಾರಿ ಕಳ್ಳನಾದದ್ದು

ಕೆಂಪಹಾಳದ ಕರೆಪ್ಪ ಹುಟ್ಟಿದಾಗಿನಿಂದ ಮಂದಿಯ ಒಂದು ಕಡ್ಡಿಯನ್ನೂ ಮುಟ್ಟಿದವನಲ್ಲ. ಆದರೂ ಪೊಲೀಸರ ಕಾಗದಗಳನ್ನು ನಂಬುವುದಾದರೆ, ರೋಣದಿಂದ ಗಜೇಂದ್ರಗಡದವರೆಗೆ ಅವನಷ್ಟು ದೊಡ್ಡ ಕಳ್ಳ ಇನ್ನೊಬ್ಬನಿರಲಿಲ್ಲ. ಇಪ್ಪತ್ತಾರು ಕಳವು. ಅಷ್ಟೂ ಪೊಲೀಸ್ ಚೌಕಿಯೊಳಗೇ. ಒಂದೂ ಪತ್ತೆಯಾಗಿರಲಿಲ್ಲ.

ಕರೆಪ್ಪನ ಕಸುಬು ಹಗೇವು ತೋಡುವುದು. ಆಗೆಲ್ಲ ಜೋಳ ಬೆಳೆದವರು ಅದನ್ನು ನೆಲದೊಳಗೆ ಇಡುತ್ತಿದ್ದರು. ಗಡಿಗೆಯ ಹೊಟ್ಟೆಯಂಥ ಆಳವಾದ ಕುಣಿ ತೋಡಿ, ಒಳಗೆ ಸುತ್ತಲೂ ಹೊಟ್ಟು ಮೆತ್ತಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಹಾಕಿ ಮಣ್ಣು ಬಳಿದರೆ ಅದೇ ಹಗೇವು. ತೋಡುವವರು ಬೇಕಾದಷ್ಟು ಮಂದಿ ಇದ್ದರು. ಬಾಯಿ ಮುಚ್ಚುವುದರಲ್ಲಿ ಮಾತ್ರ ಕರೆಪ್ಪನ ಸಮ ಯಾರೂ ಇರಲಿಲ್ಲ. ಅವನು ಮಣ್ಣು ಬಳಿದು, ಸೆಗಣಿ ಸಾರಿಸಿ, ಮೇಲೊಂದು ಹಿಡಿ ಹಳೆಯ ಕಸ ಉದುರಿಸಿ ಎದ್ದನೆಂದರೆ ಹಗೇವು ಎಲ್ಲಿತ್ತೆಂದು ಆ ನೆಲಕ್ಕೇ ಮರೆತುಹೋಗುತ್ತಿತ್ತು. ಜಕ್ಕಲಿಯ ಗೌಡರೊಬ್ಬರು ತಮ್ಮ ಹಿತ್ತಲಲ್ಲಿ ತಾವೇ ಮೂರು ದಿನ ಬಡಿಗೆಯಿಂದ ಕುಟ್ಟಿ ಕುಟ್ಟಿ ನೋಡಿ, ಸಿಗದೆ, ಕಡೆಗೆ ಚಕ್ಕಡಿ ಕಳಿಸಿ ಕರೆಪ್ಪನನ್ನು ಕರೆಸಿಕೊಂಡಿದ್ದರು. ಕರೆಪ್ಪ ಬಂದು, ಗೌಡರ ಮಕ್ಕಳನ್ನೆಲ್ಲ ಒಳಗೆ ಕಳಿಸಿ, ಗೌಡರಿಗೊಬ್ಬರಿಗೇ ಜಾಗ ತೋರಿಸಿ ಹೋದ. ಗೌಡರ ಹಿರಿಯ ಮಗ ಆಮೇಲೆ ದಾರಿಯಲ್ಲಿ ಹಿಡಿದು ಕೇಳಿದ್ದಕ್ಕೆ, "ನಿಮ್ಮಪ್ಪಾರು ಮುಚ್ಚು ಅಂದ್ರು, ಮುಚ್ಚೇನಿ. ನಿಮಗ ಹೇಳು ಅಂದಿಲ್ರಿ" ಅಂದಿದ್ದ.

ಅವನ ಹೆಂಡತಿ ಫಕೀರವ್ವ ನರಗುಂದದವಳು, ಮಾತಿನಲ್ಲಿ ಖಡಕ್ಕು. ಗಂಡನ ಬಾಯಿ ಹಗೇವಿಗಿಂತ ಬಿಗಿ ಎನ್ನುವುದು ಅವಳಿಗೆ ಹೆಮ್ಮೆಯೂ ಹೌದು, ಕಿರಿಕಿರಿಯೂ ಹೌದು.

ಕೆಂಪಹಾಳದ ಪೊಲೀಸ್ ಚೌಕಿಯೆಂದರೆ ಎರಡು ಕೋಣೆ, ಒಂದು ಅಂಗಳ, ಒಂದು ಬೇವಿನ ಗಿಡ. ಜಮಾದಾರ ಮಹಾದೇವಪ್ಪ, ಅವನ ಕೈಕೆಳಗೆ ನಾಲ್ವರು ಪೊಲೀಸರು. ಅದು ಮುಂಬೈ ಸರಕಾರದ ದಾರೂಬಂದಿಯ ಕಾಲ. ೧೯೫೪ರ ಬೇಸಿಗೆಯಲ್ಲಿ ಈ ನಾಲ್ವರೂ ಹಳ್ಳದ ದಂಡೆಯ ಒಂದು ಗುಡಿಸಲಲ್ಲಿ ಕಳ್ಳಭಟ್ಟಿ ಇದೆಯೆಂದು ಸುದ್ದಿ ತಿಳಿದು ಝಡತಿಗೆ, ಅಂದರೆ ಶೋಧಕ್ಕೆ, ಹೋದರು. ಹೊತ್ತು ಏರುವವರೆಗೆ ಹುಡುಕಿದರು, ಸಿಗಲಿಲ್ಲ. ಬಾಯಾರಿತು. ಮೂಲೆಯಲ್ಲೊಂದು ಗಡಿಗೆ ಇತ್ತು, ಅದರಲ್ಲಿದ್ದದ್ದನ್ನು ಕುಡಿದರು. "ಏನೂ ಸಿಗಲಿಲ್ಲ" ಎಂದು ಪಂಚನಾಮೆ ಬರೆದು, ಪದ ಹಾಡುತ್ತ ಬಂದು ಬೇವಿನ ಗಿಡದ ಕೆಳಗೆ ಮಲಗಿದರು. ಆ ಪಂಚನಾಮೆಯ ಅಕ್ಷರಗಳು ನಡುವಿನಿಂದ ಮುಂದೆ ಕೆಳಕ್ಕೆ ಇಳಿಯುತ್ತ ಹೋಗಿ ಕಾಗದದ ಮೂಲೆ ಸೇರಿದ್ದನ್ನು ಕಂಡು ಮೇಲಿನವರಿಗೆ ಸಂಶಯ ಬಂತು. ಹದಿನೈದು ದಿನಕ್ಕೆ ಆಜ್ಞೆ ಬಂತು: ಚೌಕಿಯ ಜನರಿಗೆ ಪದ್ಧತಿ ಪ್ರಕಾರ ಹುಡುಕುವ ತರಬೇತಿ ಕೊಡಬೇಕು, ಅದಕ್ಕಾಗಿ ಪುಣೆಯ ಕಡೆಯಿಂದ ಫೌಜದಾರ ಖರೇ ಅವರು ಬರುತ್ತಾರೆ.

ಖರೇ ಸಾಹೇಬರು ಮೋಟಾರಿನಿಂದ ಇಳಿದಾಗ ಅವರ ಕೈಯಲ್ಲಿ ಇದ್ದದ್ದು ಬಂದೂಕಲ್ಲ, ಒಂದು ದೊಡ್ಡ ಸುತಳಿಯ ಉಂಡೆ. ಬಂದವರೇ ಅಂಗಳದ ಈಶಾನ್ಯ ಮೂಲೆಯಲ್ಲಿ ಒಂದು ಜಾಲಿಯ ಗೂಟ ಜಡಿದರು. "ಇದು ಒಂದನೇ ಗೂಟ. ಎಲ್ಲಾ ಅಳತೆ ಇಲ್ಲಿಂದ ಸುರು. ಈ ಗೂಟ ಅಲುಗಿದರೆ ಪದ್ಧತಿಯೇ ಅಲುಗಿತು, ಸಮಜಲೇ?" ಅಂದರು. ಆ ಗೂಟದಿಂದ ಸುತಳಿ ಎಳೆದು ಅಂಗಳವನ್ನು ಚೌಕ ಚೌಕ ಮಾಡಿ, ಒಂದೊಂದಕ್ಕೂ ಅಂಕಿ ಕೊಟ್ಟರು. ಒಂದು ಚೌಕಕ್ಕೆ ಇಬ್ಬರು. ಮೊದಲು ಕಣ್ಣು, ಆಮೇಲೆ ಕೈ, ಕಡೆಗೆ ಮೂಗು. ಉತ್ತರದಿಂದ ದಕ್ಷಿಣಕ್ಕೆ ಒಮ್ಮೆ, ಮೂಡಣದಿಂದ ಪಡುವಣಕ್ಕೆ ಒಮ್ಮೆ. ಒಬ್ಬ ನೋಡಿದ ಚೌಕವನ್ನು ಇನ್ನೊಬ್ಬ ಮತ್ತೆ ನೋಡಬೇಕು.

ಆದರೆ ಹುಡುಕಬೇಕಾದರೆ ಯಾರಾದರೂ ಬಚ್ಚಿಡಬೇಕಲ್ಲ. ಮೊದಲ ದಿನ ಪೊಲೀಸರೇ ಒಬ್ಬರಿಗೊಬ್ಬರು ಬಚ್ಚಿಟ್ಟರು. ಬಿಸಿಲು ಏರುತ್ತಲೇ ಬಚ್ಚಿಟ್ಟವನು ಹುಬ್ಬಿನಲ್ಲೇ ಜಾಗ ತೋರಿಸಿಬಿಡುತ್ತಿದ್ದ. ಸಾಹೇಬರು ಸಿಟ್ಟಾಗಿ, ಊರಲ್ಲಿ ಚೆನ್ನಾಗಿ ಬಚ್ಚಿಡುವವರು ಯಾರಿದ್ದಾರೆಂದು ಕೇಳಿದರು. ಮಹಾದೇವಪ್ಪ ಯೋಚನೆ ಮಾಡದೆ ಕರೆಪ್ಪನ ಹೆಸರು ಹೇಳಿದ.

ಚೌಕಿಯಿಂದ ಕರೆಪ್ಪನಿಗೆ ಕರೆ ಬಂತು. ಫಕೀರವ್ವ ನಾಲ್ಕು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಕಟ್ಟಿಕೊಟ್ಟು, "ಏನ ಕೇಳಿದ್ರೂ ಖರೇ ಹೇಳಿ ಬರ್ರಿ" ಎಂದು ಕಳಿಸಿದಳು.

"ನೀನೇ ಏನು ಕರೆಪ್ಪ?" ಖರೇ ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಮಗೊಬ್ಬ ಕಳ್ಳ ಬೇಕಾಗಿದ್ದಾನೆ."

"ನಾ ಅಲ್ರಿ, ಸಾಹೇಬ್ರ."

"ಅಲ್ಲ ಅಂತ ಗೊತ್ತು. ಆಗಬೇಕು."

"ಎಷ್ಟ ದಿನಾರೀ?"

"ಒಂದು ತಿಂಗಳು. ನಾನು ಕೊಟ್ಟ ಸಾಮಾನು ಬಚ್ಚಿಡೋದು. ಇವರು ಹುಡುಕೋದು. ಸಿಗದಿದ್ದರೆ ಸಂಜೆ ನೀನೇ ತೆಗೆದು ಕೊಡೋದು. ಕೂಲಿ ಕೊಡ್ತೇವೆ."

ಸುಗ್ಗಿ ಮುಗಿದಿತ್ತು, ತೋಡುವ ಕೆಲಸ ಇರಲಿಲ್ಲ. ಬಚ್ಚಿಡುವುದು ಕರೆಪ್ಪನಿಗೆ ಹೊಸದಲ್ಲ. "ಆತ್ರಿ" ಅಂದ.

ಮೊದಲ ದಿನ ಸಾಹೇಬರ ಸೀಟಿ. ಎರಡನೇ ದಿನ ಜಮಾದಾರನ ರುಮಾಲು. ಮೂರನೇ ದಿನ ಒಂದು ಬೇಡಿ. ಕರೆಪ್ಪ ಸೀಟಿಯನ್ನು ಗೋಡೆಯ ಗಿಲಾವಿನೊಳಗೆ ಸೇರಿಸಿ ಬಳಿದ. ರುಮಾಲನ್ನು ಬಿಚ್ಚಿ ಉದ್ದ ಮಾಡಿ, ಸಾರಿಸಿದ ಕಟ್ಟೆಯ ಮಗ್ಗುಲಿಗೆ ಮೆತ್ತಿ, ಅದರ ಮೇಲೆಯೇ ಪೊಲೀಸರು ಒರಗಿ ಕೂಡುವ ಹಾಗೆ ಮಾಡಿದ. ನಾಲ್ವರೂ ಮೊಣಕಾಲೂರಿ, ಸಾಹೇಬರ ಎಣಿಕೆಗೆ ಸರಿಯಾಗಿ ಚೌಕದಿಂದ ಚೌಕಕ್ಕೆ ತೆವಳುತ್ತಿದ್ದರು. ಅಜ್ಜಪ್ಪನೆಂಬವನ ಆಡು ಬಂದು ಸುತಳಿ ತಿಂದು ಎಂಟನೇ ಚೌಕವನ್ನೂ ಒಂಬತ್ತನೇ ಚೌಕವನ್ನೂ ಒಂದು ಮಾಡಿತು. ಓಣಿಯ ಹೆಂಗಸರು ತೊಳೆದ ಸೀರೆಗಳನ್ನು ಸುತಳಿಯ ಮೇಲೆ ಒಣಹಾಕಿದರು. ಸಾಹೇಬರು ಸೀರೆಗಳಿಗೂ ಅಂಕಿ ಕೊಟ್ಟರು.

ಕರೆಪ್ಪ ಬಚ್ಚಿಟ್ಟದ್ದು ಒಂದೂ ಸಿಗಲಿಲ್ಲ. ಆದರೆ ಬೇರೆ ಎಲ್ಲವೂ ಸಿಗತೊಡಗಿತು. ಹಿಂದಿನ ಜಮಾದಾರನ ಕಾಲದಲ್ಲಿ ಕಳೆದಿದ್ದ ಬೀಗದಕೈ, ಒಂದು ಇಡೀ ಕುಡಗೋಲು, ಸಾಲಿ ಮಾಸ್ತರರ ಚಾಳೀಸು, ಓಣಿಯ ಶಂಕ್ರವ್ವ ಏಳು ವರ್ಷದ ಹಿಂದೆ ಕಳೆದುಕೊಂಡು ಸೊಸೆಯ ಮೇಲೆ ಹೊರಿಸಿದ್ದ ಮೂಗುತಿ. ಮೂಗುತಿ ಸಿಕ್ಕ ದಿನ ಶಂಕ್ರವ್ವ ಸೊಸೆಯನ್ನು ಕರೆತರಲು ರಾಜೂರಿಗೆ ಹೋದಳು. ಮರುದಿನದಿಂದ ಚೌಕಿಯ ಮುಂದೆ ಪಾಳಿ ಹತ್ತಿತು. "ನಮ್ಮ ಮನಿನೂ ಒಂದೀಟ ಹುಡುಕ್ರಿ ಯಪ್ಪಾ, ನಮ್ಮತ್ತಿ ಎಲ್ಲೋ ಸರಾ ಇಟ್ಟ ಸತ್ತಾಳ" ಎಂದು ಕೇಳುವವರೇ ಎಲ್ಲ. ಝಡತಿಗೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಊರು, ಈಗ ಝಡತಿಗೆ ಬನ್ನಿ ಎಂದು ಚಹಾ ಕಾಸತೊಡಗಿತು.

ಇಷ್ಟಾದರೆ ತೊಂದರೆ ಇರಲಿಲ್ಲ. ಖರೇ ಸಾಹೇಬರಿಗೆ ಬರವಣಿಗೆಯ ಮೇಲೆಯೂ ಅಷ್ಟೇ ಪ್ರೀತಿ. ಪೊಲೀಸರಿಗೆ ಪಂಚನಾಮೆ ಬರೆಯುವುದೂ ಬರಬೇಕೆಂದು ದಿನಾಲೂ ಒಂದು ನಿಜವಾದ ರಜಿಸ್ಟರಿನಲ್ಲೇ ಬರೆಸಿದರು. ಆರೋಪಿ: ಕರೆಪ್ಪ. ಕಸುಬು: ಕಳ್ಳತನ. ಮಾಲು: ಸೀಟಿ ಒಂದು. ಪರಿಣಾಮ: ಸಿಗಲಿಲ್ಲ. ಕೆಳಗೆ ಇಬ್ಬರು ಪಂಚರ ರುಜು, ಕರೆಪ್ಪನ ಹೆಬ್ಬೆಟ್ಟು. ಇದು ತಾಲೀಮು ಎಂದು ಎಲ್ಲಾದರೂ ಬರೆಯೋಣವೇ ಎಂದು ಮಹಾದೇವಪ್ಪ ಕೇಳಿದಾಗ ಸಾಹೇಬರು, "ಹಾಗೆ ಬರೆದರೆ ಇವರು ಮನಸ್ಸಿಟ್ಟು ಬರೆಯೋದಿಲ್ಲ" ಅಂದರು. ಸಂಜೆ ಕರೆಪ್ಪ ತಾನೇ ಸಾಮಾನು ತೆಗೆದು ಕೊಡುತ್ತಿದ್ದನಲ್ಲ, ಅದನ್ನು ಯಾರೂ ಬರೆಯಲಿಲ್ಲ. ಅದು ಪಂಚನಾಮೆಯಲ್ಲಿ ಬರುವ ಮಾತಲ್ಲ.

ನಾಲ್ವರಲ್ಲಿ ಹಿರಿಯ ಇಮಾಮಸಾಬ. ಪಿಂಚಣಿಗೆ ನಾಲ್ಕು ವರ್ಷ ಉಳಿದಿತ್ತು, ಎರಡೂ ಮೊಣಕಾಲು ಊದಿದ್ದವು. ಅವನು ಒಂದೊಂದು ಚೌಕ ತೆವಳಿ "ಯಾ ಅಲ್ಲಾ" ಎನ್ನುತ್ತಿದ್ದ. ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುತ್ತ ಇದನ್ನೆಲ್ಲ ನೋಡುವುದು ಕರೆಪ್ಪನಿಗೆ ಹಗೇವು ತೋಡುವುದಕ್ಕಿಂತ ಕಷ್ಟವಾಯಿತು. ಇಪ್ಪತ್ತೈದನೆಯ ದಿನ ಸಾಹೇಬರ ಚಿಲುಮೆಯನ್ನು ಗೋಡೆಯ ಸೊಂಟದೆತ್ತರದ ಗೂಡಿನಲ್ಲಿ, ಅರ್ಧ ಕಾಣುವ ಹಾಗೆ ಇಟ್ಟ. ಇಮಾಮಸಾಬ ಅದರ ಮುಂದೆಯೇ ಮೂರು ಸಲ ಹಾದುಹೋದ. ಅವನು ನೆಲವನ್ನೇ ನೋಡುತ್ತಿದ್ದ. ಸಾಹೇಬರು ಮಾತ್ರ ನೋಡಿದರು.

"ಕರೆಪ್ಪ, ನೀನು ದಯೆ ತೋರಿಸ್ತಾ ಇದೀಯ."

"ಮುದುಕ ಆಗ್ಯಾನ್ರಿ, ಪಾಪ."

"ಕಳ್ಳನಿಗೆ ದಯೆ ಇರಬಾರದು. ಇವರೂ ಮನಸ್ಸಿಟ್ಟು ಹುಡುಕ್ತಾ ಇಲ್ಲ. ಸಂಜೆ ನೀನು ಕೊಡ್ತೀಯ ಅಂತ ಗೊತ್ತಲ್ಲ." ಸಾಹೇಬರು ಒಳಗೆ ಹೋಗಿ ಚೌಕಿಯ ಹಿತ್ತಾಳೆಯ ಮೊಹರನ್ನೇ ತಂದರು. "ನಾಳೆ ಕಡೆಯ ಪರೀಕ್ಷೆ. ಇದನ್ನು ಬಚ್ಚಿಡು."

ಮಹಾದೇವಪ್ಪನಿಗೆ ಬೆವರು ಬಂತು. "ಸಾಹೇಬ್ರ, ಅದು ಸಿಗಲಿಲ್ಲ ಅಂದ್ರ ಟಪಾಲ ಹೋಗೂದಿಲ್ರಿ."

"ಅದಕ್ಕೇ ಹುಡುಕ್ತೀರಿ." ಆಮೇಲೆ ಕರೆಪ್ಪನ ಕಡೆ ತಿರುಗಿ, "ಇವರು ತಾವಾಗಿ ಹುಡುಕಿ ತೆಗೆಯೋ ತನಕ ಬಾಯಿ ಬಿಡಬಾರದು. ಜಮಾದಾರ ಕೇಳಲಿ, ಮೇಲಿನ ಸಾಹೇಬ ಕೇಳಲಿ, ನಾನೇ ಕೇಳಲಿ. ಆಣೆ ಮಾಡು" ಅಂದರು.

ಕರೆಪ್ಪ ತನ್ನ ಹಾರೆ ಮುಟ್ಟಿ ಆಣೆ ಮಾಡಿದ.

ಮರುದಿನ ಸಾಹೇಬರು ಪೊಲೀಸರನ್ನು ಕರೆದುಕೊಂಡು ರಾಜೂರ ದಾರಿಯಲ್ಲಿ ಕವಾಯತಿಗೆ ಹೋದಾಗ ಚೌಕಿಯಲ್ಲಿ ಕರೆಪ್ಪ ಒಬ್ಬನೇ. ಅಂಗಳದ ತುಂಬ ಚೌಕಗಳು. ಯಾವ ಚೌಕದಲ್ಲಿಟ್ಟರೂ ಒಂದಲ್ಲ ಒಂದು ದಿನ ಕೈ ಬೀಳುತ್ತದೆ. ಅವನು ಸುತಳಿಯ ಗುಂಟ ನಡೆಯುತ್ತ ನಡೆಯುತ್ತ ಒಂದನೇ ಗೂಟಕ್ಕೆ ಬಂದು ನಿಂತ. ಗೂಟ ಕಿತ್ತ. ಅದರ ಕೆಳಗೆ ಮೊಳದಾಳ ತೋಡಿ, ಮೊಹರನ್ನು ಮೇಣದ ಬಟ್ಟೆಯಲ್ಲಿ ಸುತ್ತಿಟ್ಟು, ಮೇಲೆ ಚಪ್ಪಟೆ ಕಲ್ಲು ಹಾಕಿ, ಮಣ್ಣು ತುಂಬಿ, ಗೂಟವನ್ನು ಇದ್ದ ಹಾಗೆ ಜಡಿದ.

ಒಂಬತ್ತು ದಿನ ಹುಡುಕಿದರು. ದಿನಾ ಬೆಳಗ್ಗೆ ಒಂದನೇ ಗೂಟಕ್ಕೆ ಸುತಳಿ ಕಟ್ಟಿ ಸುರು ಮಾಡುವುದು, ಸಂಜೆ ಅದೇ ಗೂಟಕ್ಕೆ ಸುತಳಿ ಸುತ್ತಿ ಮುಗಿಸುವುದು. ಹತ್ತನೆಯ ದಿನ ಸಾಹೇಬರಿಗೆ ವಾಪಸು ಬರಬೇಕೆಂದು ತಾರು ಬಂತು. ಹೆಂಡತಿಗೆಂದು ತರಿಸಿದ್ದ ಗಜೇಂದ್ರಗಡದ ಸೀರೆಯ ಗಂಟನ್ನು ಬಗಲಲ್ಲಿಟ್ಟುಕೊಂಡು ಮೋಟಾರು ಹತ್ತಿದವರು, ಕಿಟಕಿಯಿಂದ ಬಗ್ಗಿ ಮೆಲ್ಲಗೆ, "ಕರೆಪ್ಪ, ಈಗಾದರೂ ಹೇಳು. ಎಲ್ಲಿ?" ಅಂದರು.

"ನೀವ ಕೇಳಿದ್ರೂ ಹೇಳಬ್ಯಾಡ ಅಂದೀರಿ, ಸಾಹೇಬ್ರ."

ಸಾಹೇಬರ ಮುಖ ಅರಳಿತು. "ಶಾಬ್ಬಾಸ್!" ಎಂದು ಕೂಗಿ ಅವರು ಹಸ್ತಲಾಘವಕ್ಕೆ ಕೈ ಚಾಚುವಷ್ಟರಲ್ಲಿ ಮೋಟಾರು ಹೊರಟಿತು. ಧೂಳಿನಲ್ಲಿ ನಿಂತ ಮಹಾದೇವಪ್ಪ, "ಆಣೆ ಬಿಡಿಸಿ ಹೋಗ್ರಿ, ಸಾಹೇಬ್ರ!" ಎಂದು ಒದರುತ್ತ ಹಳ್ಳದವರೆಗೆ ಓಡಿದ.

ಮೊಹರಿಲ್ಲದ ಕಾಗದಗಳು ಹೋದ ಹಾಗೇ ವಾಪಸು ಬರತೊಡಗಿದವು. ಹೊಸ ಮೊಹರು ಬೇಕೆಂದು ಬರೆದ ಅರ್ಜಿಯೂ ವಾಪಸು ಬಂತು. ಅದರ ಮೇಲೆ ಮೊಹರು ಇರಲಿಲ್ಲ. ಎರಡನೇ ಸಲ ಯಾರದೋ ಕೈಕಾಲು ಹಿಡಿದು ಕೇಳಿಸಿದ್ದಕ್ಕೆ, ಹಳೆಯದನ್ನು ಒಪ್ಪಿಸಿದರೆ ಹೊಸದು ಕೊಡುತ್ತೇವೆಂದು ಉತ್ತರ ಬಂತು. ಮಹಾದೇವಪ್ಪ ಕರೆಪ್ಪನನ್ನು ಕೂಡಿಸಿ ಚಹಾ ಕೊಟ್ಟ, ಗದರಿದ, ಮತ್ತೆ ಚಹಾ ಕೊಟ್ಟ.

"ಒಂದ ಸುಳಿವರ ಕೊಡೋ ಮಾರಾಯಾ. ಒಳಗೈತೋ, ಹೊರಗೈತೋ?"

"ಹುಡುಕ್ರಿ, ಜಮಾದಾರ್ರ. ಸಿಗತೈತ್ರಿ. ದೇವರಾಣಿ, ನೀವು ಹುಡುಕಿ ತಗೀಬೇಕಂತ ನಂಗೂ ಭಾಳ ಐತಿ."

ಖರೆಯೇ ಅದು. ಅವನಿಗೆ ರೊಟ್ಟಿ ರುಚಿಸುತ್ತಿರಲಿಲ್ಲ. ಖಂಡೇನವಮಿಯ ಆಯುಧಪೂಜೆಗೆ ಚೌಕಿಯವರು ಬಂದೂಕು, ಲಾಠಿಗಳ ಜೊತೆಗೆ ಒಂದನೇ ಗೂಟಕ್ಕೂ ಸುಣ್ಣ ಬಳಿದು, ವಿಭೂತಿ ಹಚ್ಚಿ, ಅದರ ತಲೆಯ ಮೇಲೆಯೇ ಕಾಯಿ ಒಡೆದು, "ಮೊಹರ ಸಿಗೂಹಂಗ ಮಾಡಪ್ಪಾ" ಎಂದು ಕೈಮುಗಿದಾಗ ಕರೆಪ್ಪ ಎದ್ದು ಮನೆಗೆ ಬಂದುಬಿಟ್ಟ.

"ಹೇಳಿ ಕಡಿಗಾಗ್ರಿ ಅತ್ಲಾಗ" ಅಂದಳು ಫಕೀರವ್ವ.

"ಹಾರೀ ಮುಟ್ಟಿ ಹೇಳೇನಿ. ಬಾಯಿ ಬಿಟ್ಟೆ ಅಂದ್ರ ನಾಳೆ ಯಾರ ನನ್ನ ಕೈಲೆ ಹಗೇವು ಮುಚ್ಚಸ್ತಾರು?"

ಫಕೀರವ್ವ ಒಲೆಯ ಕಡೆ ತಿರುಗಿ ರೊಟ್ಟಿ ಬಡಿಯತೊಡಗಿದಳು.

೧೯೫೬ರ ನವೆಂಬರಿನಲ್ಲಿ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. ಖರೇ ಸಾಹೇಬರು ಮುಂಬೈ ಕಡೆಯೇ ಉಳಿದರು, ಅವರ ರಜಿಸ್ಟರು ಕೆಂಪಹಾಳದಲ್ಲಿ ಉಳಿಯಿತು. ಮುಂದಿನ ವರ್ಷ ಮೈಸೂರಿನ ಕಡೆಯಿಂದ ಚೆನ್ನಿಗರಾಯಪ್ಪನೆಂಬ ಸಬ್ ಇನ್ಸ್‌ಪೆಕ್ಟರು ಚೌಕಿಯ ತಪಾಸಣೆಗೆ ಬಂದು, ರಜಿಸ್ಟರು ಬಿಚ್ಚಿ, ಇಪ್ಪತ್ತಾರು ಪಂಚನಾಮೆಗಳನ್ನು ಒಂದೇ ಉಸಿರಿಗೆ ಓದಿದರು. ಅವರ ಚಹಾ ಆರಿಹೋಯಿತು. ಒಬ್ಬನೇ ಕಳ್ಳ, ಪೊಲೀಸರ ಸೀಟಿ, ರುಮಾಲು, ಬೇಡಿ, ಕಡೆಗೆ ಮೊಹರು! ಕೂಡಲೇ ಕರೆಸಿದರು.

"ಏನಯ್ಯಾ, ಇದನ್ನೆಲ್ಲಾ ಮಾಡಿದ್ದು ನೀನೇನಾ?"

"ಹೌದ್ರಿ, ನಾನ ಮಾಡೇನ್ರಿ."

ಚೆನ್ನಿಗರಾಯಪ್ಪನವರು ಇಷ್ಟು ಸಲೀಸಾಗಿ ಒಪ್ಪುವ ಕಳ್ಳನನ್ನು ಕಂಡಿರಲಿಲ್ಲ. "ಯಾರು ಹೇಳಿ ಮಾಡಿಸಿದ್ರು?"

"ಖರೇ ಸಾಹೇಬ್ರು ಹೇಳಿದ್ರು ರೀ."

ಅವರು ಮಹಾದೇವಪ್ಪನ ಕಡೆ ತಿರುಗಿದರು. "ಖರೇ ಅಂದ್ರೆ ಏನ್ರೀ?"

ಜಮಾದಾರನಿಗೆ ಗಾಬರಿಯಲ್ಲಿ ಪೂರ್ತಿ ಹೇಳಲಾಗಲಿಲ್ಲ. "ಖರೇ ಅಂದ್ರ... ನಿಜ ಅಂತ ರೀ."

"ನಿಜವಾದ ಸಾಹೇಬ್ರು ಹೇಳಿದ್ರಾ? ಹಾಗಾದ್ರೆ ನಾನೇನು ಸುಳ್ಳು ಸಾಹೇಬನಾ?"

ಇದನ್ನು ಬಿಡಿಸುವುದಕ್ಕೆ ಇಮಾಮಸಾಬ, ನಾಲ್ವರಲ್ಲಿ ಕಿರಿಯನಾದ ಪರಶಪ್ಪ, ಸಾಲಿ ಮಾಸ್ತರರು ಎಲ್ಲ ಸೇರಿ ಮಧ್ಯಾಹ್ನವಾಯಿತು. ಚೆನ್ನಿಗರಾಯಪ್ಪನವರು ಕೆಟ್ಟವರಲ್ಲ. ಪೂರ್ತಿ ಕೇಳಿ, ಕನ್ನಡಕ ಒರೆಸಿಕೊಂಡು ಹೇಳಿದರು: "ನಾನು ನಂಬ್ತೀನಯ್ಯ. ಆದ್ರೆ ಕಾಗದ ನಂಬಬೇಕಲ್ಲ. ಕಾಗದದಲ್ಲಿ ನೀನು ಕಳ್ಳ. ಆ ಖರೇಯವರಿಗೆ ಬರೀತೀನಿ. ಅವರಿಂದ ಜವಾಬು ಬರೋತನಕ ಪ್ರತಿ ಸೋಮವಾರ ಇಲ್ಲಿಗೆ ಬಂದು ಹೆಬ್ಬೆಟ್ಟು ಒತ್ತಿ ಹೋಗು."

ಕರೆಪ್ಪನಿಗೆ ಸೋಮವಾರ ಬರುವುದು ಕಷ್ಟವಾಗಿರಲಿಲ್ಲ. ಹೆಬ್ಬೆಟ್ಟಿನ ಹಾಳೆಯ ತಲೆಗೆ 'ಕಸುಬು: ಕಳ್ಳತನ' ಎಂದು ಬರೆದಿರುತ್ತಿತ್ತು, ಅದನ್ನು ಮಾಸ್ತರರು ಓದಿ ಹೇಳಿದ ದಿನ ಮಾತ್ರ ಅವನು ಊಟ ಬಿಟ್ಟ. "ಮೂವತ್ತ ವರ್ಷ ಹಗೇವು ತೋಡೇನ್ರಿ. ಅದನ್ನ ಬರದಿದ್ರ ಆಗತಿದ್ದಿಲ್ಲೇನ್ರಿ?" ಎಂದು ಜಮಾದಾರನನ್ನು ಕೇಳಿದ.

ಸುದ್ದಿ ನರಗುಂದದವರೆಗೂ ಹೋಯಿತು. ಆ ವರ್ಷ ಫಕೀರವ್ವನ ತಮ್ಮನ ಮಗಳ ಮದುವೆ. ಹೋಗುವುದೋ ಬಿಡುವುದೋ ಎಂದು ಗಂಡಹೆಂಡತಿ ನಾಲ್ಕು ದಿನ ಅಳುಕಿ, ಕಡೆಗೆ ಹೋದರು. ಚಪ್ಪರದಲ್ಲಿ ಕಾಲಿಡುತ್ತಲೇ ಮಂದಿ ಸರಿದು ದಾರಿ ಬಿಟ್ಟರು. ಕರೆಪ್ಪ ಹಿಂದಕ್ಕೆ ತಿರುಗುವಷ್ಟರಲ್ಲಿ ಬೀಗರ ಹಿರಿಯನೊಬ್ಬ ಬಂದು, ಕೈಹಿಡಿದು ಒಳಗೆ ಕರೆದೊಯ್ದು, ಬಂಗಾರದ ಪೆಟ್ಟಿಗೆಯ ಮೇಲೇ ಕೂಡಿಸಿದ. "ನೀವು ಇಲ್ಲೆ ಕುಂಡ್ರ್ರಿ ಮಾವಾರ. ನೀವು ಕುಂತ್ರಂದ್ರ ಬ್ಯಾರೆ ಯಾವ ಕಳ್ಳನೂ ಈ ಕಡೆ ಹಾಯೂದಿಲ್ಲ." ಮದುವೆ ಮುಗಿಯುವವರೆಗೆ ಕರೆಪ್ಪ ಪೆಟ್ಟಿಗೆಯ ಮೇಲೆಯೇ ಕುಳಿತ. ಹೋಳಿಗೆಯನ್ನೂ ಅಲ್ಲಿಗೇ ತಂದು ಬಡಿಸಿದರು. ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. ಹೋಳಿಗೆ ಮಾತ್ರ ಚಲೋ ಇತ್ತು.

ಸೋಮವಾರದ ಹಾಳೆಗಳು ತಿಂಗಳಿಗೊಮ್ಮೆ ಮೇಲಕ್ಕೆ ಹೋಗುತ್ತಿದ್ದವು. ಅವುಗಳ ಮೇಲೂ ಮೊಹರು ಇರಲಿಲ್ಲ. ಮೊಹರಿಲ್ಲದ ಹಾಜರಿ ಹಾಜರಿಯಲ್ಲ ಎಂದು ಮೇಲಿನವರು ತಳ್ಳಿಹಾಕಿದರು. ಹಾಗೆ ಮೂರು ತಿಂಗಳು ಗೈರುಹಾಜರಾದವನು ನಿಯಮದ ಪ್ರಕಾರ ಫರಾರಿ. ೧೯೫೮ರ ಫೆಬ್ರವರಿಯ ಒಂದು ಸೋಮವಾರ ಚೆನ್ನಿಗರಾಯಪ್ಪನವರು ಆ ಆಜ್ಞೆಯನ್ನು ಹಿಡಿದುಕೊಂಡು ತಾವೇ ಚೌಕಿಗೆ ಬಂದರು. ಕರೆಪ್ಪ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುತ್ತಿದ್ದ.

"ಕರೆಪ್ಪ, ನೀನು ಓಡಿಹೋಗಿದೀಯಾ."

"ಯಾವಾಗ್ರಿ?"

"ಹೋದ ತಿಂಗಳು."

"ನಂಗ ಗೊತ್ತಾಗ್ಲಿಲ್ಲ ನೋಡ್ರಿ" ಎಂದ ಕರೆಪ್ಪ, ಬೆರಳು ಹಾಗೇ ಹಿಡಿದುಕೊಂಡು.

"ಸಿಕ್ಕ ಅಂತ ಬರದಬಿಡೂಣ್ರಿ, ಸಾಹೇಬ್ರ. ಇಲ್ಲೇ ಅದಾನಲ್ಲ" ಎಂದ ಮಹಾದೇವಪ್ಪ.

"ಸಿಕ್ಕ ಅಂತ ಬರೆದ್ರೆ ಮೊಹರು ಬೇಕು. ಹುಡುಕಿದ್ವಿ, ಸಿಗಲಿಲ್ಲ ಅಂತ ಬರೆದ್ರೆ ಪಂಚರ ರುಜು ಸಾಕು." ಚೆನ್ನಿಗರಾಯಪ್ಪನವರು ಕುರ್ಚಿಯಲ್ಲಿ ಕುಸಿದರು. "ಆದ್ರೆ ಸುಮ್ಸುಮ್ನೆ ಬರೆಯೋಕೆ ನನ್ನ ಕೈಲಿ ಆಗಲ್ಲಪ್ಪ. ಹುಡುಕೇ ಬರೀಬೇಕು. ನಿಮಗೆ ತರಬೇತಿ ಆಗಿದೆಯಂತಲ್ಲ, ಸುರು ಮಾಡಿ."

ಹಳೆಯ ಸುತಳಿ ಹೊರಗೆ ಬಂತು. ಒಂದನೇ ಗೂಟಕ್ಕೆ ಕಟ್ಟಿದರು. ಇನ್ನೊಂದು ತುದಿ ಹಿಡಿಯಲು ಜನ ಸಾಲದೆ ಕರೆಪ್ಪನೇ ಹಿಡಿದು ನಿಂತ. ಇಬ್ಬರು ಪಂಚರು ಬಂದು ಕಟ್ಟೆಯ ಮೇಲೆ ಕುಳಿತರು. ಓಣಿಯ ಮಂದಿ ಬೇಲಿಗೆ ಆತು ನೋಡತೊಡಗಿದರು. ಪೊಲೀಸರು ಮೊದಲು ಕಣ್ಣು, ಆಮೇಲೆ ಕೈ, ಕಡೆಗೆ ಮೂಗು ಎಂದು ಚೌಕದಿಂದ ಚೌಕಕ್ಕೆ ಕರೆಪ್ಪನನ್ನು ಹುಡುಕುತ್ತ ಬಂದರು.

"ಒಂದೀಟ ಸರಕೋ ಕಾಕಾ" ಎಂದ ಪರಶಪ್ಪ, ಅವನ ಕಾಲ ಬುಡಕ್ಕೆ ಬಂದಾಗ. "ನೀ ನಿಂತ ಜಾಗಾನೂ ನೋಡಬೇಕು."

ಕರೆಪ್ಪ ಸರಿದ. ಪರಶಪ್ಪ ಅಲ್ಲಿಯೂ ನೋಡಿ, "ಇಲ್ರಿ!" ಎಂದು ಕೂಗಿದ. ಪಂಚರು ಬರೆದುಕೊಂಡರು. ಬೇಲಿಯ ಆಚೆ ನಿಂತಿದ್ದ ಫಕೀರವ್ವನಿಗೆ ತಡೆಯಲಾಗಲಿಲ್ಲ. "ಮನ್ಯಾಗ ಹುಡುಕಿದ್ರೂ ಸಿಗೂದಿಲ್ರಿ! ಅಲ್ಲೇ ನಿಂತೈತಿ ನೋಡ್ರಿ, ಕೆಂಪ ರುಮಾಲದ್ದು!" ಎಂದು ಕೂಗಿದಳು. "ಸುಮ್ನಿರವ್ವಾ, ಪದ್ಧತಿ ಪ್ರಕಾರ ನಡದೈತಿ" ಎಂದು ಜಮಾದಾರ ಗದರಿದ.

ಇಮಾಮಸಾಬನ ಪಾಲಿಗೆ ಮೂಲೆಯ ಚೌಕ ಬಂದಿತ್ತು. ಮೊಣಕಾಲೂರಿ ನೋಡಿ ಮುಗಿಸಿ ಏಳಲು ಹೋದ, ಆಗಲಿಲ್ಲ. ಆಸರೆಗೆಂದು ಒಂದನೇ ಗೂಟವನ್ನು ಎರಡೂ ಕೈಯಿಂದ ಹಿಡಿದು ಭಾರ ಹಾಕಿದ. ನಾಲ್ಕು ಮಳೆಗಾಲ ಕಂಡ ಗೂಟ, ಬುಡ ಗೆದ್ದಲು ತಿಂದಿತ್ತು. ಗೂಟವೂ ಇಮಾಮಸಾಬನೂ ಒಟ್ಟಿಗೆ ಉರುಳಿದರು. ಮಣ್ಣು ಕುಸಿದು ಚಪ್ಪಟೆ ಕಲ್ಲಿನ ಅಂಚು ಕಾಣಿಸಿತು.

ಯಾರಿಗೂ ಏನೂ ತಿಳಿಯಲಿಲ್ಲ. ಕಲ್ಲು ಎತ್ತು, ಕಲ್ಲು ಎತ್ತು ಎಂದು ಸುತಳಿಯ ಈ ತುದಿಯಲ್ಲಿ ಕರೆಪ್ಪನ ಒಳಗೆಲ್ಲ ಕೂಗುತ್ತಿತ್ತು. ತುಟಿ ಕಚ್ಚಿ ನಿಂತ. ಇಮಾಮಸಾಬ ಕುಳಿತಲ್ಲಿಂದಲೇ ಕಲ್ಲು ನೋಡಿದ, ಕರೆಪ್ಪನ ಮುಖ ನೋಡಿದ, ಮತ್ತೆ ಕಲ್ಲು ನೋಡಿದ. ಆಮೇಲೆ ಮೆಲ್ಲಗೆ ಕಲ್ಲು ಸರಿಸಿ, ಕೈ ಹಾಕಿ, ಮೇಣದ ಬಟ್ಟೆಯ ಗಂಟು ಹೊರಗೆ ತೆಗೆದ.

"ಸಿಕ್ತು!" ಎಂದು ಎಲ್ಲರಿಗಿಂತ ಮೊದಲು ಒದರಿದವನು ಕರೆಪ್ಪ. ಸುತಳಿ ಬಿಸಾಕಿ, ಎಲ್ಲ ಚೌಕಗಳನ್ನೂ ತುಳಿಯುತ್ತ ಓಡಿಹೋಗಿ ಇಮಾಮಸಾಬನನ್ನು ತಬ್ಬಿಕೊಂಡ. "ಇಮಾಮಸಾಬ್ರು ಹುಡುಕಿದ್ರ್ಯೋ! ತಾವ ಹುಡುಕಿ ತಗದ್ರು! ನಾ ಹೇಳಿಲ್ಲ, ಎಲ್ಲಾರೂ ನೋಡೀರಿ, ನಾ ಹೇಳಿಲ್ಲ!" ಹೇಳುತ್ತ ಹೇಳುತ್ತ ಅಲ್ಲೇ ಕುಳಿತು ಅಳತೊಡಗಿದ. ನಾಲ್ಕು ವರ್ಷದ ಭಾರ ಅದು. ಮೊಣಕಾಲು ಹಿಡಿದುಕೊಂಡು ಇಮಾಮಸಾಬನೂ ಅತ್ತ. ಅವನದು ಅರ್ಧ ನೋವಿಗೆ.

ಗೂಟ ಯಾವ ಚೌಕದೊಳಗೂ ಬರುವುದಿಲ್ಲವಲ್ಲ, ಇದು ಪದ್ಧತಿ ಪ್ರಕಾರ ಸಿಕ್ಕಂತೆ ಆಯಿತೋ ಇಲ್ಲವೋ ಎಂದು ಪಂಚರು ತಕರಾರು ತೆಗೆದರು. ಚೆನ್ನಿಗರಾಯಪ್ಪನವರು ಅವರಿಬ್ಬರಿಗೂ ಚಹಾ ಕೊಡಿಸಿ ಬಾಯಿ ಮುಚ್ಚಿಸಿದರು. ಮೊಹರಿನ ಮೇಲೆ ಮುಂಬೈ ಸರಕಾರದ ಹೆಸರಿತ್ತು, ಒತ್ತುವುದಕ್ಕೆ ಬರುತ್ತಿರಲಿಲ್ಲ. ಆದರೆ ಹಳೆಯದನ್ನು ಒಪ್ಪಿಸಿದ್ದರಿಂದ ಹೊಸದು ಬಂತು. ಬರುವುದಕ್ಕೆ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳೂ ಫರಾರಿಯಾಗಿದ್ದ ಕರೆಪ್ಪ ಜಕ್ಕಲಿಯಲ್ಲಿ ಹಗಲುಹೊತ್ತಿನಲ್ಲೇ ಹಗೇವು ತೋಡುತ್ತಿದ್ದ.

ಹೊಸ ಮೊಹರು ಬಂದ ವಾರವೇ ಪುಣೆಯಿಂದ ಖರೇ ಸಾಹೇಬರ ಜವಾಬೂ ಬಂತು. ಮರಾಠಿಯಲ್ಲಿದ್ದ ಅದನ್ನು ಸಾಲಿ ಮಾಸ್ತರರು ಕನ್ನಡದಲ್ಲಿ ಓದಿದರು: "ಆ ಮನುಷ್ಯ ಕಳ್ಳನಲ್ಲ. ಎಲ್ಲಿಟ್ಟಿದ್ದಾನೆಂದು ಅವನು ಇನ್ನೂ ಹೇಳದೇ ಇದ್ದರೆ ನನ್ನ ನಮಸ್ಕಾರ ತಿಳಿಸಿರಿ. ಆ ಚೌಕಿಯಲ್ಲಿ ನನ್ನ ತರಬೇತಿ ಹತ್ತಿದ್ದು ಅವನೊಬ್ಬನಿಗೇ."

ಮಹಾದೇವಪ್ಪನ ಮುಖ ಸಣ್ಣದಾಯಿತು. ಚೆನ್ನಿಗರಾಯಪ್ಪನವರು ಮಾತ್ರ ಗಟ್ಟಿಯಾಗಿ ನಕ್ಕು, ರಜಿಸ್ಟರು ತೆಗೆದು, ಇಪ್ಪತ್ತಾರು ಹಾಳೆಗಳಲ್ಲಿಯೂ 'ಕಳ್ಳತನ' ಎಂಬುದನ್ನು ಕೆಂಪು ಮಸಿಯಿಂದ ಹೊಡೆದು, ಮೇಲೆ 'ಹಗೇವಿನ ಕೆಲಸ' ಎಂದು ಬರೆದು, ಒಂದೊಂದಕ್ಕೂ ಹೊಸ ಮೊಹರು ಒತ್ತಿದರು. ಹೀಗಾಗಿ ಆ ರಜಿಸ್ಟರನ್ನು ಇವತ್ತು ಯಾರಾದರೂ ಓದಿದರೆ, ಹಗೇವಿನ ಕೆಲಸದವನೊಬ್ಬ ಕಾರಣವಿಲ್ಲದೆ ಇಪ್ಪತ್ತಾರು ಸಲ ಪೊಲೀಸರ ಸಾಮಾನು ಕದ್ದನೆಂದು ತಿಳಿಯುತ್ತದೆ. ಕರೆಪ್ಪನಿಗೆ ಅದರ ಚಿಂತೆ ಇರಲಿಲ್ಲ. ಅವನಿಗೆ ಬೇಕಾದದ್ದು ಆ ಎರಡು ಶಬ್ದ. ಮಾಸ್ತರರಿಂದ ಎರಡು ಸಲ ಓದಿಸಿ ಕೇಳಿ, ಫಕೀರವ್ವನನ್ನೂ ಕರೆಸಿ ಇನ್ನೊಮ್ಮೆ ಓದಿಸಿದ.

ಆ ವರ್ಷ ದೀಪಾವಳಿಯ ಹೊತ್ತಿಗೆ ಇಮಾಮಸಾಬನಿಗೆ ಪಿಂಚಣಿಯಾಯಿತು. ಮನೆಯಲ್ಲಿ ಕುಳಿತು ಬೇಸರವಾಗಿ, ಒಂದು ಮುಂಜಾನೆ ಬಡಿಗೆ ಊರಿಕೊಂಡು ಕರೆಪ್ಪನ ಬಾಗಿಲಿಗೆ ಬಂದು, ತನ್ನಿಂದಾಗುವ ಕೆಲಸ ಏನಾದರೂ ಇದೆಯೇ ಎಂದು ಕೇಳಿದ. ಹಳೆಯ ಹಗೇವಿನ ಬಾಯಿ ತೆರೆದಾಗ ಒಳಗಿನ ಗಾಳಿ ಕೆಟ್ಟಿರುತ್ತದೆ. ಇಳಿಯುವ ಮೊದಲು ಕಂದೀಲು ಬಿಟ್ಟು ನೋಡಬೇಕು, ಇಳಿದವನ ಸೊಂಟದ ಹಗ್ಗವನ್ನು ಮೇಲೊಬ್ಬ ಹಿಡಿದಿರಬೇಕು. "ಹಗ್ಗಾ ಹಿಡೀತೀರೇನ್ರಿ? ಕುಂತ ಮಾಡೂ ಕೆಲಸ" ಎಂದ ಕರೆಪ್ಪ. ಇಮಾಮಸಾಬ ಹೂಂ ಅಂದ. ಫಕೀರವ್ವ ಇಬ್ಬರಿಗೂ ಆಗುವಷ್ಟು ರೊಟ್ಟಿ ಕಟ್ಟಿದಳು. ರಾಜೂರಿನ ಹಾದಿ ಹಿಡಿದು ಇಬ್ಬರೂ ನಿಧಾನ ನಡೆದರು, ಇಮಾಮಸಾಬನ ಕಾಲಿಗೆ ತಕ್ಕಂತೆ.